ನಾನು ದನದ ಡಾಕ್ಟ್ರಮ್ಮ ಆದದ್ದು

ಹೆಸರಿನ ಮುಂದೆ ‘ಡಾ.’ ಎಂದು ಬರೆದುಕೊಳ್ಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ವಿನಯ ಎಂದುಕೊಂಡೀರಿ, ಖಂಡಿತ ಅಲ್ಲ. ಪಿಎಚ್.ಡಿ. ಸಿಕ್ಕ ವಾರವೇ ಚಾಮರಾಜನಗರದ ಮನೆಯ ಗೇಟಿಗೆ ಹಿತ್ತಾಳೆ ಬೋರ್ಡು ಹಾಕಿಸಿ, ಭಾನುವಾರ ಭಾನುವಾರ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವಳು ನಾನು. ಅಕ್ಕಪಕ್ಕದವರು ದೇವರ ಸಾಮಾನು ತೊಳೆಯುತ್ತಿದ್ದ ಹೊತ್ತಿಗೆ ನನ್ನದು ಈ ಪೂಜೆ. ಆ ಬೋರ್ಡು ಇಳಿಸುವಂತೆ ಮಾಡಿದ್ದು ಹತ್ತಿರದ ಉಡಿಗಾಲ ಎಂಬ ಹಳ್ಳಿಯ ಒಂದು ಹಸು. ಆ ಕತೆಗೆ ಮುಂಚೆ ನನ್ನ ಕಸುಬು ಏನೆಂದು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನೀವೂ ಎಲ್ಲರ ಹಾಗೆ ತಪ್ಪು ತಿಳಿದುಕೊಳ್ಳುತ್ತೀರಿ.

ನಾನು ತತ್ವಶಾಸ್ತ್ರ ಪಾಠ ಮಾಡುವವಳು. ಪ್ರಾಣಿಗಳ ಜೊತೆ, ಕಾಡು ನೀರು ನೆಲದ ಜೊತೆ ಮನುಷ್ಯ ಹೇಗೆ ನಡೆದುಕೊಂಡರೆ ಸರಿ ಎಂಬುದು ನಾನು ಆರಿಸಿಕೊಂಡ ವಿಷಯ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಓದುತ್ತೇನೆ, ಬರೆಯುತ್ತೇನೆ, ಊಟಕ್ಕೆ ಕರೆದವರ ಮನೆಯಲ್ಲಿ ಇದನ್ನೇ ಮಾತಾಡಿ ಮತ್ತೆ ಕರೆಯದ ಹಾಗೆ ಮಾಡಿಕೊಳ್ಳುತ್ತೇನೆ. ನನ್ನ ವೈವಾ ದಿನ ಹಿರಿಯ ಪರೀಕ್ಷಕರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಾ, “ಅಲ್ಲಮ್ಮಾ, ಮನುಷ್ಯರಿಗೇ ನೀತಿ ಹೇಳಿ ಮುಗಿದಿಲ್ಲ, ಇನ್ನು ಪ್ರಾಣಿಗಳಿಗೆ ಬೇರೆ ಹೇಳಬೇಕಾ?” ಎಂದು ಕೇಳಿದರು. “ಪ್ರಾಣಿಗಳಿಗೆ ಹೇಳೋ ಅಗತ್ಯ ಬಂದಿಲ್ಲ ಸಾರ್, ಇದೂ ಮನುಷ್ಯರಿಗೇ” ಎಂದೆ. ಅವರು ನಕ್ಕು ಸಹಿ ಹಾಕಿದರು. ಆ ನಗುವಿಗೆ ನಾನು ಇವತ್ತಿಗೂ ಋಣಿ. ಏಕೆಂದರೆ ಪ್ರಬಂಧದ ಮೂರನೇ ಅಧ್ಯಾಯದ ಬಗ್ಗೆ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಗುಂಡ್ಲುಪೇಟೆಯಲ್ಲಿದ್ದ ನನ್ನ ಅಮ್ಮನಿಗೆ ಮಾತ್ರ ಇಷ್ಟೆಲ್ಲ ವಿವರಣೆ ಬೇಕಿರಲಿಲ್ಲ. ಬೀದಿಯವರಿಗೆಲ್ಲ, “ನಮ್ಮುಡುಗಿ ದನಕರಿನ ಮ್ಯಾಲೆ ಡಾಕ್ಟ್ರು ಮಾಡವ್ಳೆ ಕಣವ್ವ” ಎಂದು ಸಾರಿಬಿಟ್ಟಳು. ಪಕ್ಕದ ಮನೆಯಾಕೆ ತನ್ನ ಮೇಕೆಯ ಭೇದಿಗೆ ಔಷಧಿ ಕೇಳಿಕೊಂಡು ಬಂದಾಗ ನಾನು ತಲೆ ತಗ್ಗಿಸಿದೆ, ಅಮ್ಮ ಒಳಗಿನಿಂದ ಓಮ ತಂದು ಕೊಟ್ಟಳು. ಮೇಕೆ ಮಾರನೆಯ ದಿನ ಸರಿಹೋಯಿತು, ಹೆಸರು ನನಗೆ ಬಂತು. ಇನ್ನು ನಮ್ಮ ಭಾವನ ವಿಷಯ. ಅವರು ಕೇರಳಕ್ಕೆ ತರಕಾರಿ ಕಳಿಸುವವರು. ಅವರ ಲಾರಿಗಳು ಓಡುವ ಬಂಡೀಪುರದ ಕಾಡಿನ ರಸ್ತೆಯನ್ನು ಪ್ರಾಣಿಗಳಿಗಾಗಿ ರಾತ್ರಿ ಮುಚ್ಚುವುದು ಸರಿ ಎಂದು ನಾನೊಂದು ಲೇಖನ ಬರೆದಾಗ ಮೂರು ತಿಂಗಳು ಮಾತು ಬಿಟ್ಟರು. ಆಮೇಲೆ ಒಂದು ದಿನ ಒಂದು ಮೂಟೆ ಬೀನ್ಸು ಕಳಿಸಿ, ಚೀಟಿಯಲ್ಲಿ ‘ಆನೆಗಳಿಗೂ ಕೊಡು’ ಎಂದು ಬರೆದಿದ್ದರು. ಭಿನ್ನಾಭಿಪ್ರಾಯವನ್ನು ಇಷ್ಟು ಚೆನ್ನಾಗಿ ಮುಗಿಸಿದ ವಿದ್ವಾಂಸರನ್ನು ನಾನು ಯಾವ ಸೆಮಿನಾರಿನಲ್ಲೂ ಕಂಡಿಲ್ಲ.

ತರಗತಿಯಲ್ಲಿ ನನ್ನ ಪಾಠ ಶುರುವಾಗುವುದು ‘ಸಾಕು’ ಎಂಬ ಪದದಿಂದ. ನಮ್ಮ ಭಾಷೆಯಲ್ಲಿ ಹಸು ಸಾಕು ಎಂದರೂ ಅದೇ ಪದ, ಊಟ ಬಡಿಸುವಾಗ ಕೈ ಅಡ್ಡ ಹಿಡಿದು ಸಾಕು ಎಂದರೂ ಅದೇ ಪದ. ಪ್ರಾಣಿಯ ನೀತಿಯೂ ಪರಿಸರದ ನೀತಿಯೂ ಎರಡಕ್ಷರದಲ್ಲಿ ಮುಗಿದುಹೋದವು ನೋಡಿ ಎಂದು ನಾನು ಬೀಗುತ್ತೇನೆ. ನಮ್ಮ ಕನ್ನಡ ವಿಭಾಗದ ಗೆಳತಿ ಇದನ್ನು ಕೇಳಿ, “ಎರಡೂ ಒಂದೇ ಬೇರಿನವು ಅಂತ ನಿಂಗೆ ಹೇಳಿದ್ಯಾರು? ಸುಮ್ನೆ ಮಕ್ಕಳ ದಾರಿ ತಪ್ಪಿಸಬೇಡ” ಎಂದು ಗದರಿದಳು. ಅಂದಿನಿಂದ ಪಾಠದ ಕೊನೆಗೆ ‘ಬೇರು ಬೇರೆಯಿರಬಹುದು’ ಎಂಬ ವಾಕ್ಯ ಸೇರಿಸುತ್ತೇನೆ. ಮಕ್ಕಳು ಅದೊಂದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ.

ಈಗ ಹಸುವಿನ ಕತೆ. ಉಡಿಗಾಲದ ಪುಟ್ಟಮ್ಮಣ್ಣಿ ವಾರಕ್ಕೆರಡು ಸಲ ನಮ್ಮ ಬೀದಿಗೆ ಸೊಪ್ಪು ತರುವ ಹೆಂಗಸು. ಒಂದು ದಿನ ಬೋರ್ಡನ್ನು ಗದ್ದದಿಂದಲೇ ತೋರಿಸಿ, “ನೀವೇನ್ ಡಾಕ್ಟ್ರವ್ವ?” ಎಂದು ಕೇಳಿದ್ದಳು. ಕಾಲೇಜಿಗೆ ಹೊತ್ತಾಗಿತ್ತು. ಗೇಟು ಹಾಕುತ್ತಾ “ಪ್ರಾಣಿಗಳದ್ದು” ಎಂದುಬಿಟ್ಟೆ. ಪದಗಳನ್ನು ಅಳೆದು ಬಳಸಬೇಕೆಂದು ವರ್ಷವಿಡೀ ಬೋಧಿಸುವವಳು ಒಂದೇ ಪದದಲ್ಲಿ ಜಾರಿದ್ದೆ.

ಆರೇಳು ತಿಂಗಳ ಮೇಲೆ, ಒಂದು ಬೆಳಿಗ್ಗೆ ಅವಳು ಸೊಪ್ಪಿನ ಬುಟ್ಟಿ ಇಲ್ಲದೆ ಆಟೋದಲ್ಲಿ ಬಂದಿಳಿದಳು. ಅವಳ ಹಸು ಕರು ಹಾಕಲಾರದೆ ನರಳುತ್ತಿತ್ತು. ದನದ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ. ಆ ಹಸುವನ್ನು ಅವಳು ಕರುವಿದ್ದಾಗಿನಿಂದ ಬೆಳೆಸಿದ್ದಳಂತೆ. ಅಳುತ್ತಾ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ನಾನು ಬಾಯಿ ಬಿಡುವಷ್ಟರಲ್ಲಿ ಆಟೋ ಪೇಟೆ ದಾಟಿತ್ತು.

“ಪುಟ್ಟಮ್ಮಣ್ಣಿ, ನಾನು ಆ ಡಾಕ್ಟರ್ ಅಲ್ಲ” ಎಂದೆ. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

“ಅಂಗಾರೆ ದನದ್ ಮ್ಯಾಲೆ ಏನೋದೀರಿ ಮತ್ತ?”

“ಅದಕ್ಕೂ ನಮ್ಮ ಹಾಗೇ ನೋವಾಗುತ್ತೆ, ಆ ನೋವನ್ನ ನಾವು ಲಕ್ಷ್ಯಕ್ಕೆ ತಗೋಬೇಕು ಅಂತ.”

“ಅದನ್ನೂ ಓದ್ಬೇಕಾ?” ಎಂದಳು. ವ್ಯಂಗ್ಯವಲ್ಲ, ನಿಜವಾದ ಆಶ್ಚರ್ಯ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸಕ್ಕೆ ಬಂದ ಅತಿ ಕಠಿಣ ವಿಮರ್ಶೆ ಅದು.

ಆಟೋದಲ್ಲಿ ಕೂತೇ ಪರಿಚಯದವರಿಗೆಲ್ಲ ಫೋನು ಮಾಡಿ ಕೊನೆಗೆ ದನದ ಡಾಕ್ಟರನ್ನು ಹಿಡಿದೆ. ಅವರು ಪುಣಜನೂರಿನಲ್ಲಿದ್ದರು. “ಹೊರಟೆ ಮೇಡಂ, ಒಂದು ಗಂಟೆ ಬೇಕು. ಅಲ್ಲೀವರೆಗೆ ಯಾರೂ ಕರು ಎಳೆಯೋಕೆ ಬಿಡಬೇಡಿ. ಎಳೆದರೆ ಎರಡೂ ಹೋಗುತ್ತೆ” ಎಂದರು.

ನಾವು ಇಳಿದಾಗ ಕೊಟ್ಟಿಗೆಯಲ್ಲಿ ಅವಳ ಮೈದುನ ಗುರುಸಿದ್ದ ಹಗ್ಗ ಹಿಡಿದು ನಿಂತಿದ್ದ. ಕರುವಿನ ಒಂದು ಕಾಲು ಹೊರಗೆ ಕಾಣುತ್ತಿತ್ತು. ಅವನ ಹಿಂದೆ ಮೂವರು ಗಂಡಸರು ತೋಳೇರಿಸಿದ್ದರು. ಕೆಟ್ಟವರಲ್ಲ ಪಾಪ, ಹಸುವಿನ ಸಂಕಟ ನೋಡಲಾರದೆ ಏನಾದರೂ ಮಾಡಿಬಿಡಬೇಕೆಂದು ತವಕಿಸುತ್ತಿದ್ದವರು. ನನ್ನನ್ನು ಕಂಡು ಗುರುಸಿದ್ದ, “ಇವ್ರೇನಾ ಡಾಕ್ಟ್ರಮ್ಮ?” ಎಂದ.

ನೀತಿಶಾಸ್ತ್ರದ ಪುಸ್ತಕಗಳಲ್ಲಿ ಇಂಥ ಪ್ರಶ್ನೆಗೆ ಪುಟಗಟ್ಟಲೆ ಚರ್ಚೆಯಿದೆ. ಒಂದು ಜೀವ ಉಳಿಸಲು ಸುಳ್ಳು ಹೇಳಬಹುದೇ ಎಂದು ನಾನೇ ಮಕ್ಕಳಿಗೆ ಹತ್ತು ಅಂಕದ ಪ್ರಶ್ನೆ ಕೊಟ್ಟಿದ್ದೇನೆ. ತತ್ವಶಾಸ್ತ್ರದ ಮೇಷ್ಟ್ರು ಎಂದರೆ ಆ ಹಗ್ಗ ನಿಲ್ಲುತ್ತಿರಲಿಲ್ಲ.

“ಹೌದು. ಹಗ್ಗ ಕೆಳಗಿಡಿ. ಯಾರೂ ಎಳೆಯಬಾರದು” ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

“ಎಳೀದೆ ಇದ್ರೆ ಸತ್ತೋಯ್ತದ ಕಣ್ರವ್ವ” ಎಂದು ಅವನು ಹಗ್ಗದ ಕುಣಿಕೆ ಸರಿಮಾಡಿದ. ಆಗ ಪುಟ್ಟಮ್ಮಣ್ಣಿ, ನಾನು ಯಾರೆಂದು ಚೆನ್ನಾಗಿ ಗೊತ್ತಿದ್ದವಳು, ಮುಂದೆ ಬಂದು ಹಗ್ಗ ಕಿತ್ತುಕೊಂಡಳು. “ಡಾಕ್ಟ್ರಮ್ಮ ಏಳ್ತಾವ್ರಲ್ಲ, ಬುಡ್ಲಾ.”

ನಾನು ಹಸುವಿನ ತಲೆಯ ಬಳಿ ಕೂತು ಅದರ ಕೊರಳ ಕೆಳಗಿನ ಗಂಗೆದೊಗಲು ಸವರತೊಡಗಿದೆ. ಬೇರೇನೂ ಬರುತ್ತಿರಲಿಲ್ಲ. ಹಸು ನರಳಿದಾಗಲೆಲ್ಲ ಗಂಡಸರು ನನ್ನ ಮುಖ ನೋಡುತ್ತಿದ್ದರು, ನಾನು ರಸ್ತೆ ನೋಡುತ್ತಿದ್ದೆ. ಗುರುಸಿದ್ದ ಎರಡು ಸಲ ಎದ್ದು ಬಂದ, ಎರಡು ಸಲವೂ ಪುಟ್ಟಮ್ಮಣ್ಣಿ ಕೈ ಅಡ್ಡ ಹಿಡಿದಳು. ನನ್ನ ಸುಳ್ಳಿನಿಂದ ಇದು ಸತ್ತರೆ ಏನು ಗತಿ ಎಂದು ಹೆದರಿ ನಾನು ಬೆವರಿಹೋದೆ. ಅದರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಡಾಕ್ಟರು ಬಂದರು. ಕೈಗೆ ಉದ್ದನೆಯ ಗ್ಲೌಸು ಹಾಕಿ ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ನಿಧಾನವಾಗಿ ಬಿಡಿಸಿ ಮುಂದಕ್ಕೆ ತಂದರು. ಅರ್ಧ ಗಂಟೆಯಲ್ಲಿ ಕಂದು ಬಣ್ಣದ ಹೆಣ್ಣುಗರು ನೆಲಕ್ಕೆ ಬಿತ್ತು. ಮೊದಲು ಅಲ್ಲಾಡಲಿಲ್ಲ. ಮೂಗು ಒರೆಸಿ ಮೈ ತಿಕ್ಕಿದ ಮೇಲೆ ಸೀನಿತು. ಅಷ್ಟು ಹಿತವಾದ ಸೀನನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ಡಾಕ್ಟರು ಬಕೆಟ್ಟಿನಲ್ಲಿ ಕೈ ತೊಳೆಯುತ್ತಾ ಎಲ್ಲರೆದುರಿಗೆ ಕೇಳಿದರು: “ಎಳೀದೆ ಬಿಟ್ಟಿದ್ದು ಒಳ್ಳೇದಾಯ್ತು. ಡಾಕ್ಟ್ರಮ್ಮ ಇದ್ದಾರೆ ಅಂತಾವ್ರೆ ಇವ್ರೆಲ್ಲ. ಮೇಡಂ, ನೀವು ಯಾವ ಬ್ಯಾಚು?”

ಇನ್ನು ಮುಚ್ಚಿಡಲು ಕಾರಣವಿರಲಿಲ್ಲ. ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುವವಳು ಎಂದೆ. ಗುರುಸಿದ್ದ ನನ್ನ ಕಡೆ ತಿರುಗಿದ. “ಅಂಗಾರೆ ನಮ್ಗೆ ಸುಳ್ಳೇಳ್ಬುಟ್ರಾ?”

“ಹೌದಪ್ಪಾ, ಹೇಳ್ಬಿಟ್ಟೆ.”

ಪುಟ್ಟಮ್ಮಣ್ಣಿ ಗೋಣಿತಾಟಿನಿಂದ ಕರುವಿನ ಮೈ ಒರೆಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಸುಳ್ಳೆಲ್ಲಿ ಬಂತ್ಲಾ? ಅವ್ರು ವಾಸಿ ಮಾಡೋ ಡಾಕ್ಟ್ರು, ಇವ್ರು ನೋಯಿಸ್ಬ್ಯಾಡಿ ಅನ್ನೋ ಡಾಕ್ಟ್ರು. ಅವ್ರು ಬರಗಂಟ ಇವ್ರು ಬ್ಯಾಡ್ವಾ?”

ನನ್ನ ವಿಷಯಕ್ಕೆ ವಿಶ್ವವಿದ್ಯಾಲಯ ಕೊಟ್ಟ ಹೆಸರು ಒಂದು ಸಾಲು ಉದ್ದವಿದೆ, ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಈಗ ಯಾರಾದರೂ ಕೇಳಿದರೆ ಪುಟ್ಟಮ್ಮಣ್ಣಿಯ ಮಾತನ್ನೇ ಹೇಳುತ್ತೇನೆ. ಇನ್ನೊಂದು ಕೊಟ್ಟಿಗೆಯಲ್ಲಿ ಅಂಥದೊಂದು ಗಂಟೆ ಕಳೆಯುವ ಎದೆಗಾರಿಕೆ ನನಗಿಲ್ಲವಾದ್ದರಿಂದ ಬೋರ್ಡನ್ನು ಆ ವಾರವೇ ಬಿಚ್ಚಿಸಿದೆ. ಇಷ್ಟು ವರ್ಷ ಈ ಕಸುಬು ಮಾಡಲು ಬಿಟ್ಟ ಎಲ್ಲರ ಮೇಲೂ ಅವತ್ತು ಪ್ರೀತಿ ಉಕ್ಕಿತು, ಮೂರನೇ ಅಧ್ಯಾಯ ಕೇಳದ ಪರೀಕ್ಷಕರ ಮೇಲೂ.

ನಾಲ್ಕನೆಯ ದಿನ ಪುಟ್ಟಮ್ಮಣ್ಣಿ ಒಂದು ಚೊಂಬು ಗಿಣ್ಣುಹಾಲು ತಂದಳು. ಈದ ಹಸುವಿನ ಮೊದಲ ಹಾಲು ಕರುವಿಗೆ ಸೇರಬೇಕಾದದ್ದು, ಅದನ್ನು ನಾವು ಬೆಲ್ಲ ಏಲಕ್ಕಿ ಹಾಕಿ ತಿನ್ನುವುದು ಎಷ್ಟು ಸರಿ ಎಂದು ಹದಿನಾಲ್ಕು ಪುಟ ಬರೆದವಳು ನಾನು. ಬರೆದಾಗಿನಿಂದ ಮುಟ್ಟಿಯೂ ಇರಲಿಲ್ಲ. ಇವಳಿಗೆ ಹೇಗೆ ಹೇಳುವುದೆಂದು ಚೊಂಬು ಹಿಡಿದು ತಡವರಿಸುತ್ತಾ ನಿಂತೆ.

“ಕರ ಕುಡೀಲಿ ಅಂತ ಮೂರ್ ದಿನ ಆಲು ಕರೀನೇ ಇಲ್ಲ ಕಣವ್ವ” ಎಂದಳು ಅವಳು. “ಕರ ಒಟ್ಟೆ ತುಂಬಾ ಕುಡ್ದು, ಇನ್ ಬ್ಯಾಡ ಅಂತ ಮೂತಿ ತಿರುಗಿಸ್ದ ಮ್ಯಾಲೆ ಕರ್ದಿದ್ದು. ತಿನ್ನಿ.”

ನನ್ನ ಹದಿನಾಲ್ಕು ಪುಟದಲ್ಲಿ ಕರುವನ್ನೇ ಕೇಳಬಹುದೆಂಬ ಯೋಚನೆ ಎಲ್ಲೂ ಇರಲಿಲ್ಲ. ಗಿಣ್ಣು ಕಾಯಿಸಿ ಇಬ್ಬರೂ ಜಗಲಿಯ ಮೇಲೆ ಕೂತು ತಿಂದೆವು.