ಸರಪಳಿಯ ವೆಂಡೆಲ್

ವೆಂಡೆಲ್ ಪ್ರಾಥರ್‌ನನ್ನು ಹಟಮಾರಿ, ತಲೆತಿರುಕ ಎಂದು ಬೈಯುವವರು ನಮ್ಮ ಟಾಲೋವಾದಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ನಾನು ಮುಖಕ್ಕೆ ಮುಖ ಕೊಟ್ಟೇ ಉತ್ತರ ಹೇಳಿದ್ದೇನೆ. ಉಳಿದರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ವಾರವಿಡೀ ಅವನು ಹೈಸ್ಕೂಲಿನ ಬಾಯ್ಲರು, ಕೊಳಾಯಿಗಳನ್ನು ರಿಪೇರಿ ಮಾಡುವವನು. ಸೆಪ್ಟೆಂಬರ್ ಬಂತೆಂದರೆ ಶನಿವಾರ ಮಾತ್ರ ಅವನ ಗತ್ತೇ ಬೇರೆ. ಟಾಲೋವಾ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸರಪಳಿ ಹಿಡಿಯುತ್ತಿದ್ದಾನೆ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗದ ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಆ ಹತ್ತು ಗಜ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದೇ ಸರಪಳಿ. ಅದರ ಎರಡು ತುದಿಗೆ ಎರಡು ಕೋಲು, ಮುಂದಿನ ಕೋಲು ವೆಂಡೆಲ್‌ನದು.

ನಾನು ಲೆಸ್ಟರ್ ಕೌಚ್, ಕ್ಲಿಪ್ಪಿನವನು. ಮೈದಾನದ ಉದ್ದಕ್ಕೂ ಐದು ಗಜಕ್ಕೊಂದು ಬಿಳಿ ಗೆರೆ ಎಳೆದಿರುತ್ತಾರೆ. ಸರಪಳಿ ಅಂಥದೊಂದು ಗೆರೆಯನ್ನು ದಾಟುವ ಕಡೆ ಅದಕ್ಕೊಂದು ಕ್ಲಿಪ್ ಹಾಕಿಡುವುದು ನನ್ನ ಕೆಲಸ. ಚೆಂಡು ಹತ್ತು ಗಜ ದಾಟಿತೋ ಇಲ್ಲವೋ ಎಂದು ಅನುಮಾನ ಬಂದರೆ ರೆಫರಿ ನಮ್ಮನ್ನು ಕರೆಯುತ್ತಾನೆ. ಸರಪಳಿ ಹೊತ್ತು ಓಡಿ, ನಾನು ಕ್ಲಿಪ್ಪನ್ನು ಅದೇ ಗೆರೆಯ ಮೇಲೆ ಒತ್ತಿ ಹಿಡಿಯುತ್ತೇನೆ, ವೆಂಡೆಲ್ ಕೋಲನ್ನು ಬಿಗಿಯಾಗಿ ಎಳೆದು ಚೆಂಡಿನ ಪಕ್ಕ ನಿಲ್ಲಿಸುತ್ತಾನೆ. ಗೆರೆಯೇ ನಾಲ್ಕು ಇಂಚು ಅಗಲ. ಅದಕ್ಕೇ ಕ್ಲಿಪ್ ಯಾವಾಗಲೂ ಗೆರೆಯ ಮುಂದಿನ ಅಂಚಿಗೇ ಎಂದು ನಮ್ಮಲ್ಲಿ ಕಟ್ಟುನಿಟ್ಟು. ನಾನು ಬಗ್ಗಿದಾಗಲೆಲ್ಲ ವೆಂಡೆಲ್ "ಯಾವ ಅಂಚು?" ಅನ್ನುತ್ತಿದ್ದ, ನಾನು "ಮುಂದಿನದು" ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ಒಂದೇ ಪ್ರಶ್ನೆ ಕೇಳಿಸಿಕೊಂಡು ನನಗೆ ರೇಗುತ್ತಿತ್ತು.

ಸರಪಳಿಯವರು ಮೈದಾನದಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಅಲ್ಲಿ ಕಿವಿಗೆ ಬಿದ್ದದ್ದನ್ನು ಹೊರಗೆ ಆಡುವಂತೆಯೂ ಇಲ್ಲ. ಈ ಕೊನೆಯ ನಿಯಮವೇ ಆ ವರ್ಷ ವೆಂಡೆಲ್‌ನನ್ನು ಹಣ್ಣು ಮಾಡಿತು.

ನಮ್ಮ ಕ್ವಾರ್ಟರ್‌ಬ್ಯಾಕ್‌ನ ಹೆಸರು ಜೋಡಿ ಲೆಡ್‌ಬೆಟರ್. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಕೈಗೆ ಬಂದು ಎಸೆಯಲೋ ಓಡಲೋ ಎಂದು ತೀರ್ಮಾನಿಸುವ ಹುಡುಗ, ಕುಳ್ಳ. ಅವನ ತೋಳಿನಲ್ಲಿ ಅಂಥ ಬಲವೂ ಇಲ್ಲ. ಸೆಪ್ಟೆಂಬರಿನ ಎರಡನೇ ಪಂದ್ಯದಲ್ಲಿ ಅವನು ಎಸೆದ ಮೂರು ಚೆಂಡು ಎದುರಾಳಿಯ ಕೈ ಸೇರಿ ನಾವು ಸೋತೆವು. ಬೆಂಚಿನ ಮೇಲೆ ಟೆಕ್ಸಸ್‌ನಿಂದ ಬಂದ ಆರೂಕಾಲು ಅಡಿಯ ಇನ್ನೊಬ್ಬ ಹುಡುಗ ಕೂತಿದ್ದ. ಇಷ್ಟು ಸಾಕಿತ್ತು ನಡೀನಳ ಹೋಟೆಲಿನಲ್ಲಿ ಸೋಮವಾರ ಬೆಳಿಗ್ಗೆ ನಾವೆಲ್ಲ ಸೇರುವ ಮೇಜಿಗೆ.

ಆ ಮೇಜಿನ ಯಜಮಾನ ಬರ್ಲ್ ಸ್ಟಿಡಮ್, ಕೋಳಿ ಮೇವು ಮಾರಿ ನಿವೃತ್ತನಾದವನು, ದನಿ ಮಾತ್ರ ನಿವೃತ್ತಿಯಾಗಿಲ್ಲ. ಈ ಕುಳ್ಳನನ್ನು ಇಟ್ಟುಕೊಂಡು ಲೀಗ್ ಚಾಂಪಿಯನ್‌ಶಿಪ್ ಗೆಲ್ಲುವ ಮಾತು ಕನಸಿನಲ್ಲೂ ಬೇಡ, ನಲವತ್ತೊಂದು ವರ್ಷ ಕಾದದ್ದು ಇದಕ್ಕಾ ಎಂದು ಅವನು ಮೆತ್ತನೆಯ ಬನ್ನಿನಂಥ ಬಿಸ್ಕೆಟ್ಟನ್ನು ಗ್ರೇವಿಯಲ್ಲಿ ಅದ್ದುತ್ತ ಗುಡುಗಿದ. ಉಳಿದವರೆಲ್ಲ ಹೂಂಗುಟ್ಟಿದರು. ಜೋಡಿಯನ್ನು ಕೂರಿಸಿ ಎಂದು ಕೋಚ್‌ಗೆ ಬರೆದ ಕಾಗದವೊಂದು ಮೇಜಿನ ಸುತ್ತ ಹೊರಟಿತು. ನಾನೂ ಸಹಿ ಹಾಕಿದೆ. ಸುಳ್ಳೇಕೆ ಹೇಳಲಿ, ಖುಷಿಯಿಂದಲೇ ಹಾಕಿದೆ. ಕಾಗದ ವೆಂಡೆಲ್ ಮುಂದೆ ಬಂದಾಗ ಅವನು ಅದನ್ನು ಮಗುಚಿ ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡ.

"ಈ ಹುಡುಗನೇ ಗೆಲ್ಲಿಸ್ತಾನೆ," ಅಂದ.

"ಯಾವ ಲೆಕ್ಕದಲ್ಲಿ ಹೇಳ್ತೀಯಯ್ಯಾ? ಒಂದು ಕಾರಣ ಕೊಡು ನೋಡಣ," ಅಂದ ಬರ್ಲ್.

ಕಾರಣ ವೆಂಡೆಲ್‌ನ ಹತ್ತಿರ ಬೇಕಾದಷ್ಟಿತ್ತು. ಮೂರನೇ ಚೆಂಡು ಹೋದ ಮೇಲೆ ಜೋಡಿ ತನ್ನ ಹುಡುಗರನ್ನು ಸುತ್ತ ಕೂಡಿಸಿಕೊಂಡು ಆಡಿದ ಮಾತು ನಮಗಿಬ್ಬರಿಗೂ ಕೇಳಿಸಿತ್ತು. ಆ ಚೆಂಡು ಹಿಡಿಯಬೇಕಾದವನೇ ತಪ್ಪು ಕಡೆಗೆ ಓಡಿದ್ದ. ಜೋಡಿ ಅವನ ಹೆಸರೆತ್ತದೆ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಿದ್ದ. ವೆಂಡೆಲ್ ಇದನ್ನು ಹೇಳಿದ್ದರೆ ಅರ್ಧ ಮೇಜು ಬಾಯಿ ಮುಚ್ಚುತ್ತಿತ್ತು. ಆದರೆ ಅದು ಮೈದಾನದ ಮಾತು. ವೆಂಡೆಲ್ ಬಿಸ್ಕೆಟ್ ಮುರಿದ, "ಗೆಲ್ಲಿಸ್ತಾನೆ," ಎಂದು ಮತ್ತೊಮ್ಮೆ ಅಂದ, ಅಷ್ಟೇ. ಕೇಳಿದವರಿಗೆ ಅದು ಬರೀ ಮೊಂಡುತನ.

ಬರ್ಲ್‌ಗೆ ಮೈ ಉರಿಯಿತು. ಅದಕ್ಕೇ ಆ ಮಾತು ಬಂತು. ಸರಪಳಿ ಕೈಲಿರುವವನಿಗೆ ಹುಡುಗನ ಮೇಲೆ ಇಷ್ಟು ಮೋಹವಿದ್ದರೆ ಅಳತೆಯಲ್ಲಿ ಒಂದೆರಡು ಇಂಚು ಅವನ ಕಡೆ ಬೀಳದೆ ಇರುತ್ತದೆಯೇ ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಹೋಟೆಲಿನ ಹರಟೆ ಎಂದು ಬಿಡಬಹುದಿತ್ತು. ಮಾರನೇ ದಿನ ಊರಿನ ರೇಡಿಯೋಗೆ ಫೋನ್ ಮಾಡಿ, ಹೆಸರು ಹಿಡಿದೇ ಹೇಳಿದ. ಅದು ಲೀಗಿನ ಕಚೇರಿಯ ತನಕ ಹೋಯಿತು. ಇನ್ನು ಪ್ರತಿ ಪಂದ್ಯಕ್ಕೂ ಒಬ್ಬ ಬಂದು ವೆಂಡೆಲ್‌ನನ್ನೇ ನೋಡುತ್ತಾನೆ, ಒಂದು ಅಳತೆ ಅನುಮಾನ ತಂದರೂ ಕೋಲು ಬೇರೆಯವರಿಗೆ ಎಂದು ಕಾಗದ ಬಂತು. ವೆಂಡೆಲ್ ಅದನ್ನು ಮಡಚಿ ಅಂಗಿಯ ಜೇಬಿಗಿಟ್ಟ. ನಾನು ಬರ್ಲ್‌ನ ಹತ್ತಿರ ಮಾತಾಡಿ ತಪ್ಪೊಪ್ಪಿಕೊಳ್ಳಲು ಹೇಳಲೇ ಎಂದು ಕೇಳಿದೆ.

"ಯಾಕೆ? ನೋಡೋಕೆ ಬರೋನು ಬರ್ಲಿ. ಕಣ್ಣು ಕಿಸಿದು ನೋಡ್ಲಿ," ಅಂದ.

ಕೋಚ್ ಕೂಡ ನಾವು ಸಹಿ ಹಾಕಿದ ಕಾಗದಕ್ಕೆ ಸೊಪ್ಪು ಹಾಕಲಿಲ್ಲ. ಜೋಡಿ ಆಡಿದ. ಅಕ್ಟೋಬರಿನಲ್ಲಿ ನಾಲ್ಕು ಪಂದ್ಯ ಗೆದ್ದೆವು, ನವೆಂಬರಿನಲ್ಲಿ ಇನ್ನೆರಡು. ಕಾಗದಕ್ಕೆ ಸಹಿ ಹಾಕಿದವರೆಲ್ಲ ಆ ಹುಡುಗನ ಮೇಲೆ ತಮಗೆ ಮೊದಲಿಂದಲೂ ಭರವಸೆ ಇತ್ತೆಂದರು. ಬರ್ಲ್ ತನ್ನ ಪಿಕಪ್ಪಿನ ಹಿಂದೆ ಜೋಡಿಯ ಹನ್ನೊಂದನೇ ನಂಬರು ಬರೆಸಿದ. ನನಗೂ ಅದೇ ಹುಚ್ಚು ಹಿಡಿದಿತ್ತು. ಮೆರಿವೆದರ್ ಕಾಲೇಜನ್ನು ನಮ್ಮೂರಲ್ಲೇ ಸೋಲಿಸಿದರೆ ಚಾಂಪಿಯನ್‌ಶಿಪ್ ನಮ್ಮದು.

ಆ ಪಂದ್ಯದಲ್ಲಿ ಒಂದೂವರೆ ನಿಮಿಷ ಉಳಿದಿರುವಾಗ ನಾವು ಎರಡು ಅಂಕ ಹಿಂದಿದ್ದೆವು. ನಾಲ್ಕನೇ ಯತ್ನ, ಇನ್ನೊಂದೇ ಗಜ ಬೇಕು. ಜೋಡಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ತಾನೇ ನುಗ್ಗಿದ. ಅವನ ಮೇಲೆ ಒಂಬತ್ತು ಜನ ಬಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿದ ಮೇಲೆ ರೆಫರಿ ಚೆಂಡನ್ನು ನೆಲದಲ್ಲಿಟ್ಟು ನಮ್ಮ ಕಡೆ ಕೈ ಮಾಡಿದ.

ಓಡಿದೆವು. ಹನ್ನೆರಡು ಸಾವಿರ ಜನ ಎದ್ದು ನಿಂತಿದ್ದರು. ಲೀಗಿನವನು ವೆಂಡೆಲ್‌ನ ಬೆನ್ನ ಹಿಂದೆಯೇ ನಿಂತಿದ್ದ, ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನಾನು ಬಗ್ಗಿ ಕ್ಲಿಪ್ಪನ್ನು ಗೆರೆಯ ಹಿಂದಿನ ಅಂಚಿಗೆ ಒತ್ತಿದೆ.

ಕೈ ತಪ್ಪಿತು ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಗೊತ್ತಿದ್ದೇ ಒತ್ತಿದೆ. ಸರಪಳಿ ನಾಲ್ಕು ಇಂಚು ಹಿಂದಕ್ಕೆ ಬಂತು, ವೆಂಡೆಲ್‌ನ ಕೋಲು ಚೆಂಡಿನ ಮೂತಿಗಿಂತ ಹಿಂದೆ ನಿಂತಿತು. ಅಂದರೆ ಜೋಡಿ ದಾಟಿದ್ದ. ರೆಫರಿ ಬಗ್ಗುತ್ತಿದ್ದ.

"ಲೆಸ್ಟರ್, ಯಾವ ಅಂಚು?"

ವೆಂಡೆಲ್ ಕೋಲನ್ನು ನೆಲದಿಂದ ಎತ್ತಿ ಹಿಡಿದು ಕೇಳುತ್ತಿದ್ದ. ಪಕ್ಕದಲ್ಲಿ ಜೋಡಿ, ಮೂಗಿನಿಂದ ರಕ್ತ ಸುರಿಯುತ್ತ ನಿಂತು ಇಬ್ಬರನ್ನೂ ನೋಡಿದ. ನಾನು ತಲೆ ಎತ್ತಲಿಲ್ಲ. ವೆಂಡೆಲ್ ದನಿ ಏರಿಸದೆ ಮತ್ತೆ ಅದನ್ನೇ ಕೇಳಿದ.

"ಮುಂದಿನದು," ಎಂದು ಕ್ಲಿಪ್ಪನ್ನು ಮುಂದಿನ ಅಂಚಿಗೆ ಸರಿಸಿದೆ.

ಅವನು ಎಳೆದ. ಕೋಲು ಚೆಂಡಿಗಿಂತ ಎರಡು ಬೆರಳು ಮುಂದೆ ನಿಂತಿತು. ಚೆಂಡು ಮೆರಿವೆದರ್‌ಗೆ ಹೋಯಿತು, ಚಾಂಪಿಯನ್‌ಶಿಪ್ಪೂ. ಜನ ತಂಡವನ್ನು ಬಿಟ್ಟು ಸರಪಳಿಯವರನ್ನು ಕೂಗಿ ಉಗಿದರು. ಲೀಗಿನವನು ಮಾತ್ರ ವೆಂಡೆಲ್‌ನ ಕೈ ಕುಲುಕಿದ. ನನ್ನ ಕೈಯನ್ನೂ ಕುಲುಕಿದ, ಅದು ನನಗೆ ಇನ್ನೂ ಚುಚ್ಚುತ್ತದೆ.

ಸೋಮವಾರ ವೆಂಡೆಲ್ ಬರುವುದಿಲ್ಲ ಎಂದುಕೊಂಡಿದ್ದೆ. ಆರೂವರೆಗೆ ಬಂದ, ತನ್ನ ಕುರ್ಚಿಯನ್ನೇ ಎಳೆದುಕೊಂಡು ಕೂತ. ನಡೀನ್ ಏನೂ ಕೇಳದೆ ತಟ್ಟೆ ತಂದಿಟ್ಟಳು.

"ಎರಡು ಬೆರಳು ಕಣಯ್ಯಾ," ಅಂದ ಬರ್ಲ್. "ಎರಡು ಬೆರಳು ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಸೆಪ್ಟೆಂಬರಲ್ಲಿ ಇಂಚು ಕೊಡ್ತೀನಿ ಅಂತ ಬೈದೆ. ಈಗ ಕೊಡ್ಲಿಲ್ಲ ಅಂತ ಬೈತಿದೀಯ. ಯಾವುದಾದ್ರೂ ಒಂದು ಹಿಡ್ಕೋ, ಬರ್ಲ್."

ಯಾರೋ ಕಿಸಕ್ಕೆಂದರು. ಬರ್ಲ್‌ನ ಮುಖ ಕೆಂಪಾಯಿತು. "ನಿನ್ನ ಕೋಲು ಉಳಿಸ್ಕೊಳ್ಳೋಕೆ ಜಗ್ಗಿ ಜಗ್ಗಿ ಎಳ್ದೆ. ಅಷ್ಟೆಲ್ಲ ಹೊಗಳ್ತಿದ್ದ ಹುಡುಗನ್ನೇ ಮಾರ್ಕೊಂಡೆ," ಅಂದುಬಿಟ್ಟ.

ವೆಂಡೆಲ್ ಬಿಸ್ಕೆಟ್ ಮುರಿದು ಗ್ರೇವಿಗೆ ಅದ್ದಿದ. ಅವನಿಗೆ ಉತ್ತರ ಗೊತ್ತಿತ್ತು, ಉತ್ತರ ನಾನೇ ಆಗಿದ್ದೆ, ಒಂದು ಅಡಿ ದೂರದಲ್ಲಿ ಕೂತು ಮೊಟ್ಟೆ ತಿನ್ನುತ್ತಿದ್ದೆ. ಅವನು ನನ್ನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಹಾಯಿಸಿದ್ದರೆ ನನಗೆ ಸಿಟ್ಟು ಬಂದು ಸುಮ್ಮನಿರುತ್ತಿದ್ದೆನೋ ಏನೋ.

ಎದ್ದು ನಿಂತು ಎಲ್ಲ ಹೇಳಿದೆ. ಕ್ಲಿಪ್ ಹಿಂದಕ್ಕೆ ಇಟ್ಟವನು ನಾನು, ಗೆಲ್ಲುವ ಆಸೆಗೆ ಇಟ್ಟೆ, ಇವನು ಎರಡು ಸಲ ಕೇಳಿ ಅದನ್ನು ಸರಿ ಮಾಡಿಸಿದ, ನಾನೇ ನೆಟ್ಟಗೆ ಇಟ್ಟಿದ್ದರೆ ಇವನು ಎರಡನೇ ಸಲ ಕೇಳುವ ಅಗತ್ಯವೇ ಇರಲಿಲ್ಲ ಎಂದೆ. ಬರ್ಲ್‌ನಿಂದ ಒಂದು ಕ್ಷಮೆ ಬರುತ್ತದೆ ಎಂದು ಕಾದೆ, ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ವೆಂಡೆಲ್ ನನಗೆ ಥ್ಯಾಂಕ್ಸ್ ಹೇಳಲಿಲ್ಲ. "ಲೀಗಿನ ಕಚೇರಿಗೆ ನೀನೇ ಹೋಗಿ ಹೇಳ್ತೀಯೋ, ನಾನು ಹೇಳ್ಬೇಕೋ?" ಎಂದು ಕೇಳಿದ. ನಾನೇ ಹೋಗುತ್ತೇನೆ ಎಂದೆ. ತಲೆಯಾಡಿಸಿ ಬರ್ಲ್ ಕಡೆ ತಿರುಗಿದ.

"ಆ ಹುಡುಗನಿಗೆ ಇನ್ನೊಂದು ವರ್ಷ ಇದೆ. ಗೆಲ್ತಾನೆ. ಗೆದ್ದಾಗ ಯಾರೋ ಕೊಟ್ಟಿದ್ದು ಅಂತ ಹೇಳೋ ಬಾಯಿ ಈ ಊರಲ್ಲಿರಲ್ಲ."

ಮಂಗಳವಾರ ಹೋಗಿ ಹೇಳಿದೆ. ನನ್ನ ಕ್ಲಿಪ್ ಹೋಯಿತು, ಹೋಗಬೇಕಾದ್ದೇ. ಈಗ ಪಂದ್ಯ ನೋಡಲು ಜನರ ಮಧ್ಯೆ ಕೂರುತ್ತೇನೆ. ಅಳತೆಗೆ ಕರೆ ಬಂದು ಆ ಮುದುಕ ವೆಂಡೆಲ್ ಕೋಲು ಹೊತ್ತು ಓಡಿದಾಗ ಸುತ್ತಲಿನವರು ಎರಡೂ ಕೈ ಮುಗಿದು ದೇವರನ್ನು ಬೇಡಿಕೊಳ್ಳುತ್ತಾರೆ. ನಾನು ಬೇಡಿಕೊಳ್ಳುವುದಿಲ್ಲ. ಕೋಲು ಎಲ್ಲಿ ನಿಲ್ಲುತ್ತದೋ ನಿಲ್ಲಲಿ, ಅದು ನಮ್ಮ ಪಾಲಿನದು.