ಅಸಲು ಹೇಳುವ ರೆಪ್ಪೆ

ಆ ಪರದೆ ಅಂಗಡಿಯಲ್ಲಿ ಯಾವ ಬಟ್ಟೆಗೂ ಬೆಲೆಚೀಟಿ ಇಲ್ಲ. ಬೆಲೆ ಹೇಳುವುದು ಮಾಲೀಕನ ಕೆಲಸ. ಕಿಟಕಿಯ ಅಳತೆ ಕೇಳಿಕೊಂಡು, ನೆರಿಗೆಗೆ ಎಷ್ಟು ಬಟ್ಟೆ ಹಿಡಿಯುತ್ತದೆ ಎಂದು ಹೇಳುವುದು ಅವನ ತಂಗಿಯ ಕೆಲಸ. ಟೇಪನ್ನು ಕೊರಳಿಗೆ ಇಳಿಬಿಟ್ಟುಕೊಂಡು ಆಕೆ ಅಣ್ಣನ ಪಕ್ಕ, ಅರ್ಧ ಹೆಜ್ಜೆ ಮುಂದೆ ನಿಲ್ಲುತ್ತಾಳೆ. ಆಕೆಯ ಮುಖ ಗಿರಾಕಿಗೆ ಕಾಣುತ್ತದೆ, ಅಣ್ಣನಿಗೆ ಕಾಣುವುದಿಲ್ಲ. ಎಡವಟ್ಟಾದದ್ದೇ ಇದರಿಂದ.

ಗಂಡ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಮನೆ ನಡೆಯುತ್ತಿದ್ದದ್ದು ಆಕೆಯ ಸಂಬಳದಲ್ಲಿ. ಆಗಲೇ ಎಡಗಣ್ಣಿನ ರೆಪ್ಪೆ ಅದುರತೊಡಗಿತು. ಯಾವಾಗೆಂದರೆ ಆವಾಗ ಅದುರುತ್ತಿತ್ತು, ನಿಜ. ಆದರೆ ಅಣ್ಣ ಬಟ್ಟೆಯ ಮೇಲೆ ಅಂಗೈ ಇಟ್ಟು, "ನೋಡಿ, ಇದು ನನ್ನ ಅಸಲು, ನಾನು ಕೊಂಡಿರೋ ಬೆಲೆ" ಎಂದಾಗ ತಪ್ಪದೇ ಅದುರುತ್ತಿತ್ತು. ಸುಳ್ಳಿನ ಪಕ್ಕ ನಿಲ್ಲುವುದು ಆಕೆಗೆ ಚಿಕ್ಕಂದಿನಿಂದಲೂ ಬಾರದು. ಅಣ್ಣ ಒಡೆದ ಕನ್ನಡಿಯ ವಿಷಯ ಅಮ್ಮನಿಗೆ ತಿಳಿದದ್ದು ತಂಗಿಯ ಕೆಂಪಾದ ಕಿವಿಯಿಂದ.

ಆಕೆ ಫೋನಿನಲ್ಲಿ ಹುಡುಕಿದಳು. ಫೋನು ಕೇಳದೇ ಇದ್ದ ಕಾಯಿಲೆಗಳನ್ನೂ ದಯಪಾಲಿಸಿತು. ಅದನ್ನು ಓದಿದ ಸಂಜೆಯಿಂದ ಕಾಲಿನ ಮೀನಖಂಡವೂ ಪುಟಪುಟ ಎನ್ನತೊಡಗಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ಮಂಡಿಗೆ ತಟ್ಟಿದರು, ಹಿಮ್ಮಡಿಯ ಮೇಲೆ ನಡೆಸಿದರು.

"ನರ ಎಲ್ಲಾ ಸರಿಯಾಗಿದೆ. ಕಾಫಿ ಕಡಿಮೆ ಮಾಡಿ, ನಿದ್ದೆ ಮಾಡಿ, ಚಿಂತೆ ಬಿಡಿ."

"ಕಾಫಿ ಬಿಡ್ತೀನಿ ಡಾಕ್ಟ್ರೇ. ಉಳಿದಿದ್ದಕ್ಕೆ ಮಾತ್ರೆ ಕೊಡಿ."

"ಚಿಂತೆಗೆ ಅಂಥ ಮಾತ್ರೆ ಇದ್ದಿದ್ರೆ ಮೊದಲು ನಾನೇ ನುಂಗ್ತಿದ್ದೆ."

ಅಷ್ಟರಲ್ಲಿ ಬೀದಿಯೆಲ್ಲ 'ಹೆಡ್‌ಮೇಡಂ' ಎಂದು ಕರೆಯುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಆ ರೆಪ್ಪೆಯನ್ನು ಕಂಡುಹಿಡಿದಿದ್ದರು. ಮಾಲೀಕ "ಅಸಲು" ಎಂದ, ತಂಗಿ ಕಣ್ಣು ಮಿಟುಕಿಸಿದಳು, ಹೆಡ್‌ಮೇಡಂ ಪಟ್ಟು ಹಿಡಿದರು, ಬೆಲೆ ಇಳಿಯಿತು. ಸುದ್ದಿ ನೆರೆಮನೆಗಳಿಗೆ ಹಬ್ಬಿತು. ಗಿರಾಕಿಗಳು ಕಿವಿಯನ್ನು ಅಣ್ಣನಿಗೂ ಕಣ್ಣನ್ನು ತಂಗಿಗೂ ಕೊಟ್ಟು ವ್ಯಾಪಾರ ಮಾಡತೊಡಗಿದರು.

"ಏನ್ರೀ, ಆವಾಗಿಂದ ಅವಳ ಮುಖಾನೇ ನೋಡ್ತಿದ್ದೀರಿ?" ಎಂದು ಒಬ್ಬಾಕೆ ಗಂಡನನ್ನು ತಿವಿದಳು.

"ಬೆಲೆ ನೋಡ್ತಿದ್ದೀನಿ ಕಣೇ, ಸುಮ್ನಿರು."

ಗುಟ್ಟು ಒಡೆದವರೂ ಹೆಡ್‌ಮೇಡಂ. "ನಿಮ್ಮ ತಂಗಿ ಅಪ್ಪಟ ಚಿನ್ನ ಕಣಪ್ಪಾ, ಎಲ್ಲಾನೂ ಕಣ್ಣಲ್ಲೇ ಹೇಳ್ಬಿಡ್ತಾಳೆ" ಎಂದು ಮಾಲೀಕನೆದುರೇ ಹೊಗಳಿ ಹೋದರು. ಅವರು ಬಾಗಿಲು ದಾಟುವುದನ್ನೇ ಅಣ್ಣ ಕಾಯುತ್ತಿದ್ದ.

"ನನ್ನ ಅಂಗಡೀಲಿ ನಿಂತ್ಕೊಂಡು ನನ್ನ ಗಿರಾಕಿಗೇ ಕಣ್ಣು ಹೊಡೀತೀಯೇನೇ?"

"ನಾನೆಲ್ಲಿ ಹೊಡೀತೀನಣ್ಣಾ? ಅದೇ ಹೊಡ್ಕೊಳ್ಳತ್ತೆ."

"ನಾನು ಅಸಲು ಅಂದಾಗ್ಲೇ ಯಾಕೆ ಹೊಡ್ಕೊಳ್ಬೇಕು?"

"ನೀನು ಯಾಕೆ ಅಸಲು ಅಂತೀಯ?"

ಅಣ್ಣ ಆಕೆಯನ್ನು ಅಂಗಡಿಯ ಹಿಂದಿನ ಹೊಲಿಗೆ ಕೋಣೆಗೆ ಅಟ್ಟಿದ. ತಿಂಗಳು ಮುಗಿದ ಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದ. ಕೋಣೆಯಲ್ಲಿ ರೆಪ್ಪೆಗೆ ಪುರುಸೊತ್ತೇ ಇರಲಿಲ್ಲ. ಅಂಗಡಿಯ ಮುಂಭಾಗದಲ್ಲಿ ಮಾತ್ರ ಅಣ್ಣನಿಗೆ ಬೇಕಾದಷ್ಟು ಪುರುಸೊತ್ತು. ಬಂದವರೆಲ್ಲ "ತಂಗಿ ಇಲ್ವಾ?" ಎನ್ನುತ್ತಿದ್ದರು. ಒಳಗಿದ್ದಾಳೆ ಎಂದರೆ, "ಹೊರಗೆ ಬಂದಾಗ ಬರ್ತೀವಿ" ಎಂದು ಹೊರಡುತ್ತಿದ್ದರು.

ಅಣ್ಣನಿಗೆ ಕೋಪವಿತ್ತು, ಆದರೆ ವ್ಯಾಪಾರವೂ ಗೊತ್ತಿತ್ತು. ತಂಗಿಯನ್ನು ಕರೆಸಿ, "ಈ ಜಾಗ ನಿಂದೇ, ಯೋಚನೆ ಬಿಡು" ಎಂದ. ಬೆಲೆಯನ್ನು ಮೊದಲೇ ಒಂದಿಷ್ಟು ಏರಿಸಿ ಹೇಳುವುದು, ರೆಪ್ಪೆ ಅದುರಿದಾಗ ಗಿರಾಕಿ ಚೌಕಾಸಿ ಮಾಡುತ್ತಾನೆ, ಆಗ ಒಲ್ಲದ ಮನಸ್ಸಿನಿಂದ ಬೇಕಾದ ಬೆಲೆಗೇ ಇಳಿಯುವುದು. ಇದು ಅವನ ಹೊಸ ಉಪಾಯ.

ಜಾಗ ಭದ್ರವಾಯಿತು. ತಂಗಿ ತಿಂಗಳುಗಳ ನಂತರ ಗಡದ್ದಾಗಿ ನಿದ್ದೆ ಮಾಡಿದಳು. ವಾರ ಕಳೆಯುವುದರೊಳಗೆ ರೆಪ್ಪೆ ತೆಪ್ಪಗಾಯಿತು.

ಏರಿಸಿದ ಬೆಲೆ ಕೇಳಿದ ಮೊದಲ ಗಿರಾಕಿ ಆ ಕಣ್ಣನ್ನು ದಿಟ್ಟಿಸಿದ. ಕಣ್ಣು ಕದಲಲಿಲ್ಲ. ಹಾಗಾದರೆ ಇವತ್ತು ನಿಜವೇ ಹೇಳುತ್ತಿದ್ದಾನೆ ಎಂದುಕೊಂಡು ಪೂರ್ತಿ ಹಣ ಕೊಟ್ಟು ಹೋದ. ಅಣ್ಣನಿಗೆ ಸಂತೋಷ ಹಿಡಿಸಲಾರದಷ್ಟಾಯಿತು.

"ಹೀಗೇ ಇಟ್ಕೋ. ಮತ್ತೆ ಅದುರಿಸಿದ್ರೆ ಹೊಲಿಗೆ ಕೋಣೇಗೂ ಇಲ್ಲ, ಸೀದಾ ಮನೆಗೆ!"

ಆಗಲೇ ಹೆಡ್‌ಮೇಡಂ ಒಳಗೆ ಬಂದರು. ನೀಲಿ ಬಟ್ಟೆ ಆರಿಸಿದರು. ಅಣ್ಣ ಅಂಗೈ ಇಟ್ಟು ಅಸಲು ಎಂದ. ಅವರು ತಂಗಿಯ ಕಣ್ಣು ನೋಡಿ, ತಲೆಯಾಡಿಸಿ, ಪರ್ಸು ತೆರೆದರು. ತನ್ನ ನಿಶ್ಚಲ ರೆಪ್ಪೆಯೇ ಈಗ ಸುಳ್ಳು ಹೇಳುತ್ತಿದೆ ಎಂಬುದು ತಂಗಿಗೆ ಹೊಳೆಯಿತು. ಕೆಲಸ ಹೋದರೆ ಹೋಗಲಿ ಎಂದು ಬೇಕೆಂದೇ ಕಣ್ಣು ಮಿಟುಕಿಸಲು ನೋಡಿದಳು. ಎರಡೂ ಕಣ್ಣು ಮುಚ್ಚಿದವು, ಬಾಯಿ ಸೊಟ್ಟಗಾಯಿತು.

"ಕಣ್ಣಿಗೆ ಏನಾದ್ರೂ ಬಿತ್ತೇನಮ್ಮಾ?"

"ಇಲ್ಲ ಮೇಡಂ" ಎನ್ನುವಷ್ಟರಲ್ಲಿ ಮನೆ, ಗಂಡ, ತಿಂಗಳ ಕೊನೆ ಎಲ್ಲ ಒಟ್ಟಿಗೆ ಕಣ್ಮುಂದೆ ಬಂದವು. ರೆಪ್ಪೆ ತಾನಾಗಿಯೇ ಪಟಪಟನೆ ಹೊಡೆದುಕೊಂಡಿತು. ಹೆಡ್‌ಮೇಡಂ ಪರ್ಸು ಮುಚ್ಚಿದರು.

ಬೆಲೆ ಇಳಿಯಿತು. ಅವರು ಹೋದ ಮೇಲೆ ಅಣ್ಣ ಗುರ್ರೆಂದ, "ವಾಸಿಯಾಗಿತ್ತಲ್ಲೇ?"

"ಆಗಿತ್ತು. ನೀನು ಮನೆಗೆ ಕಳಿಸ್ತೀನಿ ಅಂದೆಯಲ್ಲ."

ಅಣ್ಣ ಯೋಚಿಸಿದ. ಹೆದರಿಸಿದರೆ ಅದುರುತ್ತದೆ, ಕಳಿಸಿದರೆ ಗಿರಾಕಿಯೇ ಬರುವುದಿಲ್ಲ. ಕಡೆಗೆ ಆಕೆಯ ಮುಖ ತನಗೂ ಕಾಣಲೆಂದು ತಾನೇ ಒಂದು ಹೆಜ್ಜೆ ಮುಂದೆ ಬಂದು ನಿಂತ. ಈಗ ಅವನು ಬೆಲೆಯನ್ನು ಮೊದಲು ಮೆಲ್ಲಗೆ ಗೊಣಗಿ, ಕತ್ತು ಹೊರಳಿಸಿ ತಂಗಿಯ ರೆಪ್ಪೆ ನೋಡಿಕೊಂಡು, ಅದುರಿದರೆ ಒಂದಿಷ್ಟು ಇಳಿಸಿ, ಆಮೇಲೆ ಗಿರಾಕಿಗೆ ಗಟ್ಟಿಯಾಗಿ ಹೇಳುತ್ತಾನೆ. ತಂಗಿಯ ಮೀನಖಂಡ ಮಾತ್ರ ಆಗೊಮ್ಮೆ ಈಗೊಮ್ಮೆ ಪುಟಪುಟ ಎನ್ನುತ್ತದೆ. ಅದು ಕೌಂಟರಿನ ಕೆಳಗೆ, ಯಾರಿಗೂ ಕಾಣುವುದಿಲ್ಲ.