ಲೋಕಲ್ ಆಧಾರ್‌ಗೆ ರೂಮಿಲ್ಲ

ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಅಕ್ಕಿ ತುಂಬಿಸಿಕೊಂಡು ತಮಿಳುನಾಡು, ಕೇರಳ ಎಂದು ಲಾರಿ ಓಡಿಸುತ್ತ ಹದಿನೈದು ವರ್ಷ ಕಳೆದೆ. ಮನೆ ಕುರುಗೋಡಿನಲ್ಲಿ. ಹೋದ ಊರಲ್ಲೆಲ್ಲ ಲಾಡ್ಜಿನಲ್ಲಿ ಮಲಗುತ್ತೇನೆ ಎಂದು ಹೆಂಡತಿಗೆ ಹೇಳಿಕೊಂಡು ಬಂದೆ. ಅದು ಸುಳ್ಳು. ಮಲಗುತ್ತಿದ್ದದ್ದು ಲಾರಿಯ ಕ್ಯಾಬಿನ್ನಿನಲ್ಲಿ, ಸೀಟಿನ ಹಿಂದಿನ ಹಲಗೆಯ ಮೇಲೆ.

ರೂಮು ಹುಡುಕಲಿಲ್ಲ ಎಂದಲ್ಲ. ಮೊದಮೊದಲು ಹುಡುಕಿದೆ. ನಮ್ಮಂಥವರ ಕೈಗೆಟುಕುವ ಲಾಡ್ಜುಗಳೆಲ್ಲ ಬಸ್ ನಿಲ್ದಾಣದ ಹಿಂದಿನ ಸಂದಿಗಳಲ್ಲಿ ಇರುತ್ತವೆ. ಅಲ್ಲಿಗೆ ಲಾರಿ ಹೋಗುವುದಿಲ್ಲ. ಊರಾಚೆ ನಿಲ್ಲಿಸಿ ಬಂದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕಿನ ಡೀಸೆಲ್ ಯಾರದೋ ಪಾಲು. ಲಾರಿ ನಿಲ್ಲಿಸಲು ಜಾಗವಿರುವ ಹೆದ್ದಾರಿಯ ಲಾಡ್ಜುಗಳು ಕಾರಿನವರಿಗೆಂದೇ ಕಟ್ಟಿಸಿದಂಥವು. ಅವರು ಹೇಳುವ ಬಾಡಿಗೆ ಕೇಳಿದರೆ ಬಂದ ನಿದ್ದೆಯೂ ಹಾರಿಹೋಗುತ್ತದೆ. ಹೀಗಾಗಿ ಹಲಗೆಯೇ ಗಟ್ಟಿಯಾಯಿತು.

ಒಮ್ಮೆ ಮಾತ್ರ ಸೇಲಂನಲ್ಲಿ ಇಂಜಿನ್ ಕೆಟ್ಟು ಲಾರಿ ಗ್ಯಾರೇಜಿಗೆ ಹೋದಾಗ, ಮಾಲೀಕರೇ ಒಂದು ದಿನಕ್ಕೆ ರೂಮು ಕೊಡಿಸಿದ್ದರು. ಬಿಳಿ ಚಾದರ, ನಲ್ಲಿ ತಿರುಗಿಸಿದರೆ ಬಿಸಿನೀರು, ಮಲಗಿದಲ್ಲಿಂದಲೇ ದೀಪ ಆರಿಸಲು ತಲೆಯ ಪಕ್ಕದಲ್ಲೊಂದು ಸ್ವಿಚ್ಚು. ಬೆರಳುದ್ದದ ಎರಡು ಸೋಪು ಇಟ್ಟಿದ್ದರು. ಒಂದನ್ನೂ ಬಳಸದೆ ಮನೆಗೆ ತಂದೆ. ಹೆಂಡತಿ ಮೂಸಿ ನೋಡಿ, ಮೆಣಸಿನಕಾಯಿ ತೊಟ್ಟು ಬಿಡಿಸಿ ಉರಿಯುತ್ತಿದ್ದ ಕೈಯನ್ನು ಮತ್ತೆ ಮತ್ತೆ ತೊಳೆದುಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ಕಂಡು ನನಗೆ ಹುಚ್ಚು ಹಿಡಿಯಿತು. ಅಂದಿನಿಂದ ಆ ಒಂದೇ ರೂಮನ್ನು ಊರೂರಿಗೆ ಹೊತ್ತೊಯ್ದು ವರ್ಣಿಸಿದೆ. ಸಿರುಗುಪ್ಪದ ಪೆಟ್ಟಿಗೆ ಅಂಗಡಿಯಲ್ಲಿ ಸಣ್ಣ ಸೋಪುಗಳನ್ನು ಡಜನ್‌ಗಟ್ಟಲೆ ಕೊಂಡು ಕ್ಯಾಬಿನ್ನಿನಲ್ಲಿ ಇಟ್ಟುಕೊಂಡೆ. ಪ್ರತಿ ಸಲ ಎರಡು ಒಯ್ದು, "ಲಾಡ್ಜಿನ್ದು" ಎಂದು ಕೊಡುತ್ತಿದ್ದೆ.

ಅವಳು ಚಿಂತೆ ಮಾಡಬಾರದೆಂದು ಶುರು ಮಾಡಿದ್ದು ಬೇರೆ ಕಡೆಗೇ ತಿರುಗಿತು. ಬೆನ್ನು ನೋವೆಂದು ನಾನು ನರಳಿದರೆ ಅವಳಿಗೆ ಸಿಟ್ಟು.

"ನಿಮಗೇನ್ರಿ, ಊರೂರಾಗ ಮೆತ್ತನ ಹಾಸಿಗಿ. ನಮ್ಮ ಮನಿ ಚಾಪಿ ಚುಚ್ಚತೈತಿ ನಿಮಗ."

ನಿಜ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ಸುಳ್ಳೇ ನನಗೆ ಜಂಬವಾಗಿತ್ತು. ಜಗಳ ಮುಗಿದ ಮೇಲೆ ಅವಳೇ ಸೋತು ಕೇಳುತ್ತಿದ್ದಳು: "ನನ್ನೂ ಒಂದ್ ಸರ್ತಿ ಲಾಡ್ಜಿಗೆ ಕರ್ಕೊಂಡ್ ಹೋಗ್ರಿ. ಆ ಸ್ವಿಚ್ಚು ನಾನೂ ಒತ್ತಿ ನೋಡ್ತೀನಿ." ಆಗಲಿ, ಮುಂದಿನ ಸಲ ಎನ್ನುತ್ತಿದ್ದೆ. ಮುಂದಿನ ಸಲಗಳಿಗೇನು, ನಾಲಿಗೆಯ ಮೇಲೆ ಎಷ್ಟು ಬೇಕಾದರೂ ಇರುತ್ತವೆ.

ಹೋದ ಬೇಸಿಗೆಯಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ಬಳ್ಳಾರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಬೇಕು, ಲೋಹದ್ದೇನೂ ಮೈಮೇಲೆ ಇರಬಾರದು ಎಂದಿದ್ದರು. ಬರಿಗೊರಳಲ್ಲಿ ಹೊಸಿಲು ದಾಟಲು ಅವಳಿಗೆ ಮನಸ್ಸಾಗಲಿಲ್ಲ. ಹೊರಡುವ ದಿನ ಬೆಳಿಗ್ಗೆ ತಾಳಿ ತೆಗೆದು ದೇವರ ಮುಂದಿಟ್ಟು, ಅರಿಶಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ನಮ್ಮಲ್ಲಿ ಹೆಂಗಸರು ತಾಳಿ ತೆಗೆಯಬೇಕಾಗಿ ಬಂದರೆ ಹಾಗೆಯೇ ಮಾಡುವುದು. ನಾನು ಹಿಂದಿನ ದಿನವೇ ಲೋಡು ತುಂಬಿದ ಲಾರಿಯನ್ನು ಬಳ್ಳಾರಿಯಲ್ಲಿ ಕಾವಲಿರುವ ಲಾರಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮನೆಗೆ ಮರಳಿದ್ದೆ. ಇಬ್ಬರೂ ಬಸ್ಸಿನಲ್ಲಿ ಬಂದೆವು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು.

ಸ್ಕ್ಯಾನಿಂಗ್ ಮುಗಿದಾಗ ಮಧ್ಯಾಹ್ನ. ಡಾಕ್ಟರು ಮರುದಿನ ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದರು. ಕುರುಗೋಡಿಗೆ ಹೋಗಿ ಮತ್ತೆ ಬರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆದರೂ ಆಟೋದಲ್ಲಿ ಕೂತಾಗ ನನ್ನ ಕಡೆ ನೋಡಿ ನಕ್ಕಳು. "ಇವತ್ತರ ಲಾಡ್ಜು ತೋರಿಸ್ತೀರಿಲ್ಲೋ?"

ಮೊದಲ ಲಾಡ್ಜಿನವನು ನಮ್ಮ ಆಧಾರ್ ಕಾರ್ಡುಗಳನ್ನು ಬೆರಳ ತುದಿಯಲ್ಲೇ ವಾಪಸು ತಳ್ಳಿದ. "ಕುರುಗೋಡೇನ್ರಿ? ಲೋಕಲ್ ಆಧಾರ್‌ಗೆ ರೂಮ್ ಕೊಡಾಂಗಿಲ್ಲ. ಇಷ್ಟ್ ಹತ್ರ ಊರಿಟ್ಕೊಂಡು ರೂಮ್ ಯಾಕ ಬೇಕು?"

"ಹೆಂಡ್ತಿಗೆ ಆರಾಮಿಲ್ರಿ."

"ಆರಾಮಿಲ್ಲಾಂದ್ರ ದವಾಖಾನಿಗೆ ಹೋಗ್ರಿ."

ಕೊಚ್ಚಿಯಲ್ಲಾದರೆ ನನ್ನ ಆಧಾರ್ ನಡೆಯುತ್ತದೆ, ಸೇಲಂನಲ್ಲಿ ನಡೆದಿತ್ತು. ನನ್ನ ಜಿಲ್ಲೆಯಲ್ಲೇ ನಾನು ಕಳ್ಳ. ಸುಡುವ ಬಿಸಿಲಲ್ಲಿ ಇನ್ನೂ ಎರಡು ಕಡೆ ಕೇಳಿದೆ. ಅಲ್ಲೂ ಅದೇ ಮಾತು.

ನಾಲ್ಕನೆಯದರಲ್ಲಿ ಕೌಂಟರಿನಲ್ಲಿ ಕೂತಿದ್ದವನು ವಯಸ್ಸಾದವನು, ಕನ್ನಡಕ ಹಾಕಿಕೊಂಡಿದ್ದ. ಇವನಾದರೂ ಅರ್ಥ ಮಾಡಿಕೊಳ್ಳಬಹುದು ಎಂದುಕೊಂಡೆ. ಕಾರ್ಡು ನೋಡಿದ. ಅವಳ ಕಾರ್ಡಿನಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು. ಬದಲಾಯಿಸಲು ನನಗೆ ಪುರುಸೊತ್ತಾಗಿರಲಿಲ್ಲ. ಆಮೇಲೆ ಅವಳ ಕೊರಳನ್ನು ನೋಡಿದ. ಬೆವರಿಗೆ ಅರಿಶಿಣ ಕರಗಿ ಕುಪ್ಪಸದ ಅಂಚೆಲ್ಲ ಹಳದಿಯಾಗಿತ್ತು.

"ಯಾವಾಗ ಕಟ್ಟಿದ್ದಮ್ಮ ಇದು?"

ಅವಳಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಆ ವಿದ್ಯೆ ಮನೆಯಲ್ಲಿ ನನಗೊಬ್ಬನಿಗೇ ಇದ್ದದ್ದು. "ಇವತ್ತ ಮುಂಜಾನಿ ಕಟ್ಟೀನ್ರಿ" ಎಂದಳು.

ಅವನು ಕನ್ನಡಕ ತೆಗೆದು ನಕ್ಕ. "ಈ ವಯಸ್ಸಿನಾಗ ಓಡಿ ಬಂದೀರೇನು? ನಡೀರಿ ನಡೀರಿ. ಪೊಲೀಸರ ರಗಳಿ ನಮಗ ಬ್ಯಾಡ."

ನನ್ನ ಕೈ ಕೌಂಟರ್ ದಾಟಿ ಅವನ ಅಂಗಿಯವರೆಗೂ ಹೋಗಿತ್ತು. ಅವಳು ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. ಜಗ್ಗಿದ್ದಕ್ಕೆ ಬಲವೇ ಇರಲಿಲ್ಲ, ಅದಕ್ಕೇ ನಿಂತೆ. ಸ್ಕ್ಯಾನಿಂಗ್ ಚೀಟಿ ತೋರಿಸಬೇಕೆಂದು ಹೊಳೆದದ್ದು ಬೀದಿಗೆ ಬಂದ ಮೇಲೆ. ಮತ್ತೆ ಒಳಗೆ ಹೋಗಲು ಅವಳು ಒಪ್ಪಲಿಲ್ಲ. "ಬ್ಯಾಡ್ರಿ. ಎಲ್ಲಾರ ಒಂದೀಟು ಮಲಗಿಸ್ರಿ ನನ್ನ, ಸಾಕು."

ಲಾರಿಗಲ್ಲದೆ ಇನ್ನೆಲ್ಲಿಗೆ ಕರೆದೊಯ್ಯಲಿ? ಆಯುಧ ಪೂಜೆಗೆ ಕುಂಕುಮ ಹಚ್ಚಲು ಬಂದಾಗಲೂ ಅವಳು ಕ್ಯಾಬಿನ್ ಹತ್ತಿದವಳಲ್ಲ. ಎತ್ತಿ ಹತ್ತಿಸಿದೆ. ಬೆಂಡಿನಷ್ಟು ಹಗುರವಾಗಿದ್ದಳು. ಹಲಗೆಯ ಮೇಲೆ ಕೌದಿ ಹಾಸಿದೆ, ಫ್ಯಾನು ಹಾಕಿದೆ. ಅವಳು ಮಲಗಿ ಸುತ್ತಲೂ ನೋಡತೊಡಗಿದಳು. ದಾರಕ್ಕೆ ನೇತುಹಾಕಿದ ನನ್ನ ಲುಂಗಿ, ಮೂಲೆಯಲ್ಲಿ ಸ್ಟೌವು, ತಟ್ಟೆ, ಎಣ್ಣೆ ಹಿಡಿದು ಕಪ್ಪಾದ ದಿಂಬು. ಮುಖ ಒರೆಸಲು ಟವೆಲ್ ಬೇಕೆಂದು ಅವಳೇ ಮೇಲಿನ ಗೂಡಿಗೆ ಕೈ ಹಾಕಿ ಎಳೆದಳು. ಟವೆಲ್ಲಿನ ಜೊತೆ ಸಣ್ಣ ಸೋಪುಗಳ ಪೊಟ್ಟಣ ಅವಳ ಎದೆಯ ಮೇಲೆ ಬಿದ್ದು ಬಿಚ್ಚಿಕೊಂಡಿತು.

ನಾನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂತೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಅವಳು ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಹದಿನೈದು ವರ್ಷ ಇಲ್ಲೇ ಮಲಗಿದ್ರೇನು?"

"ಹೂಂ."

"ಮತ್ತ ಬೆನ್ನು ನೋವು ಅಂದಾಗೆಲ್ಲ ನಾ ಬೈದದ್ದು?"

ನಾನು ಮುಂದಿನ ಗಾಜಿನ ಧೂಳನ್ನು ಅಂಗೈಯಿಂದ ಒರೆಸಿದೆ. ಆಮೇಲೆ ಹಿಂದಿನಿಂದ ಟಕ್ ಎಂದು ಸದ್ದಾಯಿತು. ಕ್ಯಾಬಿನ್ನಿನ ಬಲ್ಬಿಗೆ ನಾನು ತಲೆಯ ಪಕ್ಕದಲ್ಲೊಂದು ಸ್ವಿಚ್ಚು ಹಾಕಿಸಿಕೊಂಡಿದ್ದೆ. ಅದನ್ನು ಅವಳು ಒತ್ತಿದ್ದಳು. ಹಾಡಹಗಲಿನಲ್ಲಿ ಬಲ್ಬು ಹತ್ತಿತು, ಆರಿತು, ಮತ್ತೆ ಹತ್ತಿತು. "ಸ್ವಿಚ್ಚಿನ ಮಾತೊಂದಾದ್ರೂ ಖರೇ ಐತಲ್ಲ" ಎಂದು ಕ್ಯಾಬಿನ್ನಿನ ಹಿಂದಿನ ತಗಡಿನ ಕಡೆ ತಿರುಗಿ ಮಲಗಿದಳು.

ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು.

ಹೋದ ತಿಂಗಳು ಕೊಚ್ಚಿಯಲ್ಲಿ ಜ್ವರ ಬಂದು, ಬೆಲೆ ಕೇಳದೆ ಹೆದ್ದಾರಿಯ ಲಾಡ್ಜೊಂದಕ್ಕೆ ಹೋದೆ. ದೂರದ ಆಧಾರ್, ಒಂದು ಮಾತೂ ಕೇಳದೆ ಕೀಲಿ ಕೊಟ್ಟರು. ಬೆಳಿಗ್ಗೆ ರೂಮು ಬಿಡುವಾಗ ಬಚ್ಚಲಲ್ಲಿದ್ದ ಎರಡು ಸೋಪುಗಳನ್ನು ಜೇಬಿಗೆ ಹಾಕಿಕೊಂಡೆ. ಈ ಸಲ ನಿಜವಾಗಿಯೂ ಲಾಡ್ಜಿನವು, ಅವಳಿಗೆ ಹೇಳಬೇಕು ಎಂದುಕೊಂಡೇ ಲಾರಿ ಹತ್ತಿದೆ. ಊರು ದಾಟಿದ ಮೇಲೆ ನೆನಪಾಯಿತು. ಸೋಪುಗಳು ಈಗಲೂ ಕ್ಯಾಬಿನ್ನಿನ ಆ ಸ್ವಿಚ್ಚಿನ ಕೆಳಗೇ ಇವೆ.